ದಾರ ಹಾಸುವ ನಾಲಗೆ

ಆಷಾಢದ ಮಳೆ ಹಿಡಿಯಿತೆಂದರೆ ಮಲ್ಲಂದೂರಿನ ಮನೆಗಳಲ್ಲಿ ಒಂದೊಂದೇ ವಸ್ತು ತೇವ ಕುಡಿಯತೊಡಗುತ್ತದೆ. ಚರ್ಮದ ಬೆಲ್ಟಿಗೆ ಬೂಷ್ಟು, ಕ್ಯಾಮೆರಾದ ಕಣ್ಣಿಗೆ ಬೂಷ್ಟು, ಪುಸ್ತಕದ ಬೆನ್ನಿಗೆ ಬೂಷ್ಟು. ಉಪ್ಪಿನ ಜಾಡಿಯಲ್ಲಿ ನೀರು ನಿಲ್ಲುತ್ತದೆ. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತದೆ. ಹಾಳಾಗಬಾರದ ಸಾಮಾನನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ನಮ್ಮ ಹಿರಿಯರ ಪದ್ಧತಿ. ಬೀಜದ ಕಾಯಿ, ಕೂಳಿ, ಚರ್ಮದ ಜೋಡು, ಎಲ್ಲವೂ ಅಲ್ಲೇ. ಹೊಗೆ ಎಲ್ಲವನ್ನೂ ಕಪ್ಪಾಗಿಸುತ್ತದೆ, ಆದರೆ ಕಾಯುತ್ತದೆ.

ಅಂಥ ಒಂದು ಮಳೆಯ ಮಧ್ಯಾಹ್ನ, ಕರೆಂಟು ಹೋಗಿ ಎರಡು ದಿನವಾಗಿದ್ದಾಗ, ಅಟ್ಟದಿಂದ ದೊಡ್ಡಪ್ಪನ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಒಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಮೀನಿನ ರೀಲು ಇತ್ತು. ಮುಷ್ಟಿಗಿಂತ ತುಸು ದೊಡ್ಡದು, ಕೈಗೆ ತೆಗೆದುಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಹೊಗೆಯ ಮಸಿಯನ್ನು ಹೆಬ್ಬೆರಳಿನಿಂದ ಉಜ್ಜಿದಾಗ ಅಡಿಯಿಂದ ಹಣ್ಣಾದ ಕಾಫಿಯ ಕೆಂಪು ಮೇಲೆದ್ದಿತು. ಹಿಡಿ ತಿರುಗಿಸಿದೆ. ಅರ್ಧ ಸುತ್ತು ಬಂದು ಕಿರ್ ಎಂದು ನಿಂತಿತು. ದಾರವನ್ನು ಸುರುಳಿಯ ಮೇಲೆ ಸಾಲಾಗಿ ಹಾಸಬೇಕಾದ ಸಣ್ಣ ಕಣ್ಣು ಎಡಗಡೆಯ ಕೊನೆಗೆ ಹೋಗಿ ಅಲ್ಲೇ ಸಿಕ್ಕಿಬಿದ್ದಿತ್ತು.

ಅದು ಸ್ವೀಡನ್ನಿನ ಅಬು ಕಂಪನಿಯ ಅಂಬಾಸಡೂರ್ 6000. ನಾವು ಹುಡುಗರಾಗಿದ್ದಾಗ ಅದನ್ನು ಕಾರಿನ ಹೆಸರೆಂದೇ ತಿಳಿದಿದ್ದೆವು. ಪಕ್ಕದ ಕಂಪನಿ ತೋಟದ ಮ್ಯಾನೇಜರೊಬ್ಬರು ಊರು ಬಿಟ್ಟು ಹೋಗುವಾಗ ದೊಡ್ಡಪ್ಪನಿಗೆ ಕೊಟ್ಟುಹೋದದ್ದು. ಈ ರೀಲುಗಳನ್ನು ಕೋಲಿಗೆ ಕೂರಿಸುವ ಪಾದವಿರುತ್ತದಲ್ಲ, ಅದರ ಅಡಿಯಲ್ಲಿ ಅಂಕಿ ಒತ್ತಿರುತ್ತಾರೆ. ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು. ನಮ್ಮದರಲ್ಲಿ 7405 ಎಂದು ಶುರುವಾಗುತ್ತದೆ, ಅಂದರೆ 1974ರ ಮೇ ತಿಂಗಳು. ದೊಡ್ಡಪ್ಪ ಅದನ್ನು ಹಿಡಿದು ಕಳಸದಿಂದ ಕೆಳಕ್ಕೆ, ಬಾಳೆಹೊನ್ನೂರಿನ ತನಕ ಭದ್ರೆಯ ಮಡುಗಳನ್ನು ಸುತ್ತಿದರು. ಅವರು ಹೋದ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಈ ರೀಲಿನ ಮರ್ಮ ಗೊತ್ತಾಗಬೇಕಾದರೆ ಹೊಲಿಗೆ ಯಂತ್ರದ ಬಾಬಿನ್ನನ್ನು ನೆನೆಸಿಕೊಳ್ಳಿ. ದಾರ ಒಂದೇ ಕಡೆ ಸುತ್ತಿದರೆ ಗುಡ್ಡೆಯಾಗುತ್ತದೆ, ಗುಡ್ಡೆ ಜಾರಿ ಪಕ್ಕಕ್ಕೆ ಬೀಳುತ್ತದೆ, ಆಮೇಲೆ ಎಳೆದರೆ ಗಂಟು. ಬಾಬಿನ್ನಾದರೆ ಬಿಚ್ಚಿ ಮತ್ತೆ ಸುತ್ತಬಹುದು. ಮೀನು ಕಚ್ಚಿಕೊಂಡು ಮಡುವಿನ ಕೆಳಕ್ಕೆ ಓಡುವಾಗ ಗಂಟು ಬಿತ್ತೆಂದರೆ ದಾರ ಫಟ್ಟನೆ ಕಡಿದುಹೋಗುತ್ತದೆ. ಹಿಂದಿನವರು ಹೆಬ್ಬೆರಳಿನಿಂದಲೇ ದಾರವನ್ನು ಆಚೀಚೆ ತಳ್ಳುತ್ತ ಸುತ್ತುತ್ತಿದ್ದರು. ಈಗಲೂ ಬಹಳ ದೊಡ್ಡ ಮೀನಿನ ಬೆನ್ನು ಹತ್ತಿದವರು ಹಾಗೆಯೇ ಮಾಡುವುದುಂಟು. ದೊಡ್ಡಪ್ಪನ ರೀಲಿನಲ್ಲಿ ಆ ಹೆಬ್ಬೆರಳಿನ ಕೆಲಸವನ್ನು ಒಂದು ಸರಳು ಮಾಡುತ್ತದೆ.

ಸುರುಳಿಯ ಮುಂದೆ ಅಡ್ಡಲಾಗಿ, ಪೆನ್ಸಿಲ್ಲಿಗಿಂತ ಸಣ್ಣದಾದ ಲೋಹದ ಸರಳಿದೆ. ಅದರ ಮೈಮೇಲೆ ತಿರುಪಿನ ಗಾಡಿ, ಅಂದರೆ ಕಾಲುವೆಯಂಥ ಗೆರೆ, ಕೊರೆದಿದ್ದಾರೆ. ಮಾಮೂಲಿ ತಿರುಪಿನಲ್ಲಿ ಗಾಡಿ ಒಂದೇ ದಿಕ್ಕಿಗೆ ಹೋಗುತ್ತದೆ. ಇದರಲ್ಲಿ ಎರಡಿವೆ. ಒಂದು ಬಲಕ್ಕೆ ಹತ್ತುತ್ತದೆ, ಇನ್ನೊಂದು ಎಡಕ್ಕೆ ಹತ್ತುತ್ತದೆ, ಒಂದನ್ನೊಂದು ಅಲ್ಲಲ್ಲಿ ಹಾಯುತ್ತವೆ. ಎರಡೂ ತುದಿಯಲ್ಲಿ ಆ ಗಾಡಿಗಳು ಒಂದಕ್ಕೊಂದು ಸೇರಿಕೊಂಡು ತಿರುವು ತೆಗೆದುಕೊಳ್ಳುತ್ತವೆ. ಗಾಡಿಯೊಳಗೆ ಒಂದು ಸಣ್ಣ ಹಲ್ಲು ಕೂತಿರುತ್ತದೆ. ಕಡಲೆಕಾಳಿನಷ್ಟು ದೊಡ್ಡದು, ಮೇಲ್ತುದಿ ಅರ್ಧಚಂದ್ರದ ಹಾಗೆ, ಬುಡ ಗುಂಡಗೆ. ಗುಂಡಗಿನ ಬುಡ ತನ್ನ ಗೂಡಿನಲ್ಲಿ ಆಚೀಚೆ ಹೊರಳಬಲ್ಲದು. ಸರಳು ಮಾತ್ರ ಒಂದೇ ದಿಕ್ಕಿಗೆ ತಿರುಗುತ್ತಿರುತ್ತದೆ. ಹಲ್ಲು ಗಾಡಿ ಹಿಡಿದು ಬಲತುದಿಗೆ ಹೋಗಿ, ತಿರುವಿನಲ್ಲಿ ಮೈ ಹೊರಳಿಸಿ, ಇನ್ನೊಂದು ಗಾಡಿ ಹಿಡಿದು ಎಡಕ್ಕೆ ಬರುತ್ತದೆ. ದಾರದ ಕಣ್ಣು ಅದರ ಬೆನ್ನಿಗೇ ಅಂಟಿಕೊಂಡು ಹೋಗಿಬರುತ್ತದೆ. ಇಂಗ್ಲಿಷಿನಲ್ಲಿ ಆ ಹಲ್ಲಿಗೆ ಪಾಲ್ ಎನ್ನುತ್ತಾರೆ. ನಾವು ಅದನ್ನು ನಾಲಗೆ ಎಂದು ಕರೆದೆವು, ಯಾಕೆಂದರೆ ಹೊರಳುವುದೇ ಅದರ ಕೆಲಸ.

ಎರಡು ಗಾಡಿಗಳು ಹಾಯುವ ಜಾಗದಲ್ಲಿ ನಾಲಗೆಗೆ ದಾರಿ ತಪ್ಪುವುದಿಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ ಅದರ ಅರ್ಧಚಂದ್ರದಲ್ಲಿದೆ. ನಾಲ್ಕು ದಾರಿ ಕೂಡುವ ಆ ಜಾಗದ ಅಗಲಕ್ಕಿಂತ ನಾಲಗೆಯ ಉದ್ದ ಹೆಚ್ಚು. ಹಿಂದಿನ ತುದಿ ಹಳೆಯ ಗಾಡಿಯನ್ನು ಬಿಡುವ ಮೊದಲೇ ಮುಂದಿನ ತುದಿ ಆಚೆಯ ಗಾಡಿಯನ್ನು ಹಿಡಿದಿರುತ್ತದೆ. ತುದಿಗಳು ಸವೆದು ಗಿಡ್ಡವಾದರೆ ಮುಗಿಯಿತು. ನಡುದಾರಿಯಲ್ಲೇ ಅಡ್ಡ ಗಾಡಿಗೆ ಬಿದ್ದು ಹಿಂದಕ್ಕೆ ಹೊರಟುಬಿಡುತ್ತದೆ, ಇಲ್ಲವೇ ತುದಿಯ ತಿರುವಿನಲ್ಲಿ ಹೊರಳಲಾರದೆ ಸಿಕ್ಕಿಕೊಳ್ಳುತ್ತದೆ. ನಮ್ಮ ರೀಲಿಗೆ ಆಗಿದ್ದು ಎರಡನೆಯದು.

ಇಂಥ ಸೂಕ್ಷ್ಮವನ್ನು ಯಾರು ಯೋಚಿಸಿದರು ಎಂದು ಹುಡುಕುತ್ತ ಹೋದರೆ ಮತ್ತೆ ಮತ್ತೆ ಎದುರಾಗುವವರು ಗಡಿಯಾರದವರು. ಹಿಡಿಯ ಒಂದು ಸುತ್ತಿಗೆ ಸುರುಳಿ ಹಲವು ಸುತ್ತು ತಿರುಗುವ ರೀಲನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕೆಂಟಕಿಯಲ್ಲಿ ಮಾಡಿದವನು ಜಾರ್ಜ್ ಸ್ನೈಡರ್. ಅವನ ಕಸುಬು ಗಡಿಯಾರ ಮತ್ತು ಬೆಳ್ಳಿಯ ಕೆಲಸ. ದಾರವನ್ನು ತಾನೇ ಹಾಸಿಕೊಳ್ಳುವ ರೀಲನ್ನು 1890ರ ದಶಕದ ಕೊನೆಯಲ್ಲಿ ಮಿಶಿಗನ್ನಿನ ಕಲಮಜೂ ಊರಿನ ವಿಲಿಯಂ ಶೇಕ್ಸ್‌ಪಿಯರ್ ಎಂಬಾತ ಹಕ್ಕು ಪಡೆದು ಮಾರುಕಟ್ಟೆಗೆ ತಂದ. ಇನ್ನು ದೊಡ್ಡಪ್ಪನ ರೀಲಿನ ಕಂಪನಿ. ಅಬು ಅಂದರೆ ಅಕ್ತಿಯೆಬೊಲಾಗೆಟ್ ಉರ್‌ಫಾಬ್ರಿಕೆನ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳು. ಸ್ವೀಡಿಷ್ ಭಾಷೆಯಲ್ಲಿ ಉರ್ ಅಂದರೆ ಗಡಿಯಾರ. ಗಡಿಯಾರದ ಕಾರ್ಖಾನೆ ಎಂಬುದೇ ಆ ಕಂಪನಿಯ ಹೆಸರು! ಸ್ವೆಂಗ್‌ಸ್ಟಾ ಎಂಬ ಸಣ್ಣ ಊರಿನಲ್ಲಿ, ಮೊರ್ರುಮ್ ನದಿಯ ದಂಡೆಯಲ್ಲಿ 1921ರಲ್ಲಿ ಕಾರ್ಲ್ ಆಗಸ್ಟ್ ಬೋರ್ಗ್‌ಸ್ಟ್ರಮ್ ಅದನ್ನು ಕಟ್ಟಿದ. ಗಡಿಯಾರದಿಂದ ಹೊರಟು ಟ್ಯಾಕ್ಸಿ ಮೀಟರಿಗೆ ಬಂದರು. ಎರಡನೆಯ ಮಹಾಯುದ್ಧ ಬಂದು ಟ್ಯಾಕ್ಸಿ ಮೀಟರು ಕೇಳುವವರಿಲ್ಲದಾದಾಗ ಮಗ ಗೊತೆ ಬೋರ್ಗ್‌ಸ್ಟ್ರಮ್ ಅದೇ ಯಂತ್ರ, ಅದೇ ಕೈಗಳನ್ನು ಮೀನಿನ ರೀಲಿಗೆ ತಿರುಗಿಸಿದ. ಕೆಂಪು ಅಂಬಾಸಡೂರ್ ಬಂದದ್ದು 1952ರಲ್ಲಿ. ಇದನ್ನೆಲ್ಲ ತಿಳಿದ ಮೇಲೆ, ಆ ಡಬ್ಬಿಯಲ್ಲಿ ಇದ್ದದ್ದು ಹೊಳೆಗೆ ಹೋಗುವ ಒಂದು ಗಡಿಯಾರ ಎಂದೇ ನನಗೆ ಅನಿಸತೊಡಗಿತು. ಗಡಿಯಾರ ಬಿಚ್ಚುವ ಮರ್ಯಾದೆಯಲ್ಲೇ ಇದನ್ನೂ ಬಿಚ್ಚಬೇಕು.

ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿದೆ. ಬಿಳಿ ಯಾಕೆಂದರೆ ಬಿದ್ದದ್ದು ಕಾಣಬೇಕು. ಪಕ್ಕದಲ್ಲಿ ಮೊಟ್ಟೆಯ ಟ್ರೇ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದು ಸಾಮಾನು. ಪ್ರತಿಯೊಂದನ್ನೂ ಎತ್ತುವ ಮೊದಲು ಮೊಬೈಲಿನಲ್ಲಿ ಫೋಟೊ. ಮರೆತುಹೋಗುವುದು ತಿರುಪುಗಳಲ್ಲ, ವಾಷರುಗಳು: ಯಾವುದು ಮೇಲೆ, ಯಾವುದು ಕೆಳಗೆ, ಬಾಗಿದ ವಾಷರಿನ ಹೊಟ್ಟೆ ಯಾವ ಕಡೆಗೆ. ಈ ರೀಲಿನ ಪಕ್ಕದ ಮುಚ್ಚಳವನ್ನು ಬೆರಳಿನಿಂದಲೇ ಬಿಚ್ಚುವ ಹಾಗೆ ಕಚ್ಚುಮೈಯ ತಿರುಪು ಇಟ್ಟಿದ್ದಾರೆ. ಹೊಳೆದಂಡೆಯಲ್ಲಿ ಕೂತು, ಸ್ಕ್ರೂಡ್ರೈವರ್ ಇಲ್ಲದೆ, ಸುರುಳಿಯನ್ನು ಹೊರತೆಗೆಯಬಹುದು. ಮಾಡಿದವನು ತಾನೂ ಹೊಳೆಗೆ ಹೋಗುತ್ತಿದ್ದವನೇ ಇರಬೇಕು ಎಂದು ಅನಿಸುವುದು ಇಂಥಲ್ಲಿ.

ಒಳಗೆ ತೆರೆದಾಗ ಜೇನುಮೇಣದ ಬಣ್ಣದ ಗಟ್ಟಿ ಅಂಟು. ವಾಸನೆ ನೋಡಿದೆ. ಕೊಬ್ಬರಿ ಎಣ್ಣೆ! ಕೊನೆಯ ವರ್ಷಗಳಲ್ಲಿ ದೊಡ್ಡಪ್ಪ ಕೈಗೆ ಸಿಕ್ಕ ಎಣ್ಣೆಯನ್ನೇ ಬಿಟ್ಟಿದ್ದರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ನಮ್ಮಲ್ಲಿ ಬಾಟಲಿಯನ್ನು ಬಿಸಿಲಿಗೆ ಇಟ್ಟು ಕಾಯಬೇಕು. ಮೀನಿನ ರೀಲಿನೊಳಗೂ ಅದು ಹಾಗೇ ಹೆಪ್ಪುಗಟ್ಟಿ, ಕರಗಿ, ಧೂಳು ಹಿಡಿದು, ಕಮಟಿ, ಹೊಗೆಯ ಜೊತೆ ಸೇರಿ ಮೆರುಗೆಣ್ಣೆಯಂತಾಗಿತ್ತು. ಅಡುಗೆಮನೆಯ ಯಾವ ಎಣ್ಣೆಯೂ ಇಂಥ ಯಂತ್ರಕ್ಕೆ ಆಗುವುದಿಲ್ಲ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆ ಅಂಗಡಿಯಲ್ಲಿ ಸಣ್ಣ ಬಾಟಲಿಗೆ ಸಿಗುತ್ತದೆ. ರೀಲಿನ ನೂರಕ್ಕೆ ತೊಂಬತ್ತು ಭಾಗದ ಕೆಲಸ ಅದರಲ್ಲೇ ಮುಗಿಯುತ್ತದೆ.

ಅವತ್ತು ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಗುಂಡಿ ಒತ್ತಿದರೆ ಸುರುಳಿ ಬಿಡುಗಡೆಯಾಗುವ ಜಾಗದಲ್ಲಿ, ಒಂದು ತಗಡಿನ ನೊಗದ ಕೆಳಗೆ ಎರಡು ಪುಟ್ಟ ಸ್ಪ್ರಿಂಗುಗಳಿವೆ. ನೊಗ ಎತ್ತುವಾಗ ಮೇಲೆ ಬೆರಳು ಇಟ್ಟಿರಬೇಕು. ನಾನು ಇಟ್ಟಿರಲಿಲ್ಲ. ಟಿಕ್ ಎಂಬ ಶಬ್ದ ಮಾತ್ರ ಕೇಳಿಸಿತು. ಕೆಂಪು ಗಾರೆಯ ನೆಲದ ಮೇಲೆ ಮೊಣಕಾಲೂರಿ ಟಾರ್ಚು ಹಿಡಿದು ಒಂದು ಗಂಟೆ ಹುಡುಕಿದೆ. ಕೊನೆಗೆ ಹಾಳಾದ ರೇಡಿಯೊದ ಸ್ಪೀಕರಿನಿಂದ ತೆಗೆದಿಟ್ಟಿದ್ದ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಬಿರುಕುಗಳ ಮೇಲೆ ಎಳೆದುಕೊಂಡು ಹೋದಾಗ ಅಕ್ಕಿ ಡಬ್ಬದ ಬುಡದಲ್ಲಿ ಸಿಕ್ಕಿತು.

ಆ ಅಯಸ್ಕಾಂತ ಇನ್ನೊಂದನ್ನೂ ತೋರಿಸಿತು. ಸರಳಿನ ಗಾಡಿಯಿಂದ ಊದುಕಡ್ಡಿಯ ತುದಿಯಲ್ಲಿ ಕೆರೆದು ತೆಗೆದ ಕೊಳೆಯನ್ನು ಕಾಗದದ ಮೇಲೆ ಗುಡ್ಡೆ ಹಾಕಿದ್ದೆ. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಸಣ್ಣ ಕಪ್ಪು ಮರಳು ಉಳಿದಿತ್ತು. ಕಾಗದದ ಅಡಿಯಲ್ಲಿ ಅಯಸ್ಕಾಂತ ಆಡಿಸಿದರೆ ಆ ಮರಳಿನ ಬಹುಪಾಲು ಮುಳ್ಳುಹಂದಿಯ ಮುಳ್ಳಿನಂತೆ ಎದ್ದು ನಿಂತು ಹಿಂಬಾಲಿಸಿತು. ಉಕ್ಕಿನ ಭಾಗಗಳು ಸವೆದ ಪುಡಿಯೂ ಅದರಲ್ಲಿ ಇದ್ದೀತು. ಆದರೆ ದೊಡ್ಡಪ್ಪ ಗಾಳ ಹಾಕಿದ ಭದ್ರೆ ಕುದುರೆಮುಖದ ಮಗ್ಗುಲಿನಲ್ಲಿ ಗಂಗಾಮೂಲದಿಂದ ಇಳಿದು ಬರುವ ಹೊಳೆ. ಆ ಬೆಟ್ಟದ ಅದಿರು ಮ್ಯಾಗ್ನೆಟೈಟ್, ಅಯಸ್ಕಾಂತಕ್ಕೆ ಅಂಟುವ ಜಾತಿ. ದಶಕಗಳ ಕಾಲ, 2005ರ ಕೊನೆಯವರೆಗೆ ಅಲ್ಲಿ ಗಣಿ ನಡೆಯಿತು, ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಆ ವರ್ಷಗಳಲ್ಲಿ ಮಳೆಗಾಲದ ಭದ್ರೆ ಹೇಗೆ ಹರಿಯುತ್ತಿತ್ತೆಂದು ಕಳಸದ ಕಡೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಆ ಹೊಳೆಯಲ್ಲಿ ಒದ್ದೆಯಾದ ದಾರ ಪ್ರತಿ ಸುತ್ತಿಗೂ ಒಂದಿಷ್ಟು ಮರಳನ್ನು ರೀಲಿನೊಳಕ್ಕೆ ಹೊತ್ತು ತಂದಿರಬೇಕು. ಕೊಬ್ಬರಿ ಎಣ್ಣೆ ಅದನ್ನು ಹಿಡಿದಿಟ್ಟುಕೊಂಡಿತು. ಎರಡೂ ಸೇರಿ ಅರದ ಕೆಲಸ ಮಾಡಿದವು. ದಾರದ ಕಣ್ಣಿನ ಸರಳಿಗೆ ಗ್ರೀಸು ಹಚ್ಚಬಾರದು, ತೆಳು ಎಣ್ಣೆಯ ಒಂದೇ ಹನಿ ಸಾಕು, ಅದನ್ನೂ ಬಟ್ಟೆಯಲ್ಲಿ ಒರೆಸಿಬಿಡಬೇಕು ಎಂದು ತಿಳಿದವರು ಹೇಳುವುದು ಇದಕ್ಕೇ.

ಒಳಗಿನ ಹಿತ್ತಾಳೆಯ ದೊಡ್ಡ ಹಲ್ಲುಚಕ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಟೂತ್‌ಬ್ರಷ್ಷಿನಲ್ಲಿ ಉಜ್ಜುತ್ತಿದ್ದೆ. ದೊಡ್ಡಮ್ಮ ಒಲೆಯ ಹತ್ತಿರದಿಂದ ನೋಡಿ, “ಅದೇನೋ ಅಷ್ಟು ಒದ್ದಾಡ್ತೀಯ, ದೇವರ ದೀಪ ತೊಳೆಯೋ ಹಾಗೆ ಹುಣಸೆಹಣ್ಣು ಹಚ್ಚಿ ಬಿಡಬಾರದಾ?” ಅಂದರು. ಹಚ್ಚಿದೆ. ಹತ್ತು ನಿಮಿಷದಲ್ಲಿ ಚಕ್ರ ದೀಪದ ಕಂಬದಂತೆ ಹೊಳೆಯಿತು. ಎರಡು ಎಚ್ಚರಿಕೆ ಮಾತ್ರ ಬೇಕು. ಹುಳಿಯನ್ನು ಚೆನ್ನಾಗಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಕಾಣಿಸಬೇಕು. ಎರಡನೆಯದು, ಹೊರಗಿನ ಕೆಂಪು ಮುಚ್ಚಳಗಳು ಅಲ್ಯೂಮಿನಿಯಂ. ಅದಕ್ಕೆ ಹುಳಿ ಸೋಕಿಸಬಾರದು, ಬಣ್ಣವೂ ಹೋಗುತ್ತದೆ, ಲೋಹವನ್ನೂ ತಿನ್ನುತ್ತದೆ. ಅದಕ್ಕೆ ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆ ಬಟ್ಟೆ, ತಾಳ್ಮೆ. ದೊಡ್ಡಮ್ಮ ಆ ಸಂಜೆ ರೀಲಿನ ಚಕ್ರವನ್ನು ಸೆರಗಿನಲ್ಲಿ ಒರೆಸಿ ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಅಷ್ಟು ವರ್ಷ ಮನೆಯಲ್ಲಿದ್ದರೂ ಆ ಯಂತ್ರವನ್ನು ಅವರು ಮುಟ್ಟಿದ್ದು ಅದೇ ಮೊದಲು.

ನಾಲಗೆಯ ಸಮಸ್ಯೆ ಬಾಕಿ ಇತ್ತು. ಅದರ ತುದಿಗಳು ಚಾಕುವಿನಂತೆ ತೆಳುವಾಗಿ, ಒಂದು ಕಡೆ ಮುರಿದೇ ಹೋಗಿತ್ತು. ಹೊಸದನ್ನು ಹೊರದೇಶದಿಂದ ತರಿಸಬಹುದು. ಈ ರೀಲುಗಳ ಬಿಡಿಭಾಗ ಜಗತ್ತಿನಲ್ಲಿ ಇನ್ನೂ ಸಿಗುತ್ತವೆ, ಅಷ್ಟು ವರ್ಷ ಅಷ್ಟು ಕಡಿಮೆ ಬದಲಾವಣೆಯೊಂದಿಗೆ ಅವುಗಳನ್ನು ಮಾಡುತ್ತ ಬಂದಿದ್ದಾರೆ. ನನಗೆ ಮಾತ್ರ ಚಿಕ್ಕಮಗಳೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರ ನೆನಪಾಯಿತು. ನಮ್ಮ ಮನೆಯ ಮೂರು ತಲೆಮಾರಿನ ಎಚ್‌ಎಂಟಿಗಳು ಅವರ ಮೇಜಿನ ಮೇಲೆ ಮಲಗಿ ಎದ್ದಿವೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ಗಡಿಯಾರ ಮಾಡಲು ಶುರುಮಾಡಿದ ಮೇಲೆ ನಮ್ಮ ಜಿಲ್ಲೆಯ ಪೇಟೆಗಳಲ್ಲೂ ಕೀ ಕೊಡುವ ಗಡಿಯಾರವನ್ನು ಬಿಚ್ಚಿ ಕೂಡಿಸಬಲ್ಲ ಒಂದು ತಲೆಮಾರು ಬೆಳೆಯಿತು. ಆ ಕೈಗಳು ಈಗ ಬಹುತೇಕ ಬ್ಯಾಟರಿ ಬದಲಿಸುತ್ತಿವೆ.

ರೀಲನ್ನು ಆ ಹಿರಿಯರ ಮುಂದಿಟ್ಟೆ. “ಏನ್ ಗೌಡ್ರೆ ಇದು, ಗಡಿಯಾರವೋ ಮೀನಿನ ಸಾಮಾನೋ?” ಅಂದರು.

“ಎರಡೂ ಹೌದು ಸಾಹೇಬ್ರೆ. ಗಡಿಯಾರದ ಕಾರ್ಖಾನೆಯಲ್ಲೇ ಹುಟ್ಟಿದ್ದು.”

ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಸರಳನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಐದು ನಿಮಿಷ ಮಾತಿಲ್ಲ. “ಸರಳು ಒಳ್ಳೇದಿದೆ. ಮೇಲಿನ ಪಾಲಿಶ್ ಒಂದ್ಕಡೆ ಹೋಗಿದೆ, ಅಷ್ಟೇ. ನಾಲಗೆ ಮಾಡಿಕೊಡ್ತೀನಿ. ಎರಡು ದಿನ ಬಿಟ್ಟು ಬನ್ನಿ.” ಉಕ್ಕಿನಲ್ಲಿ ಮಾಡಿದರೆ ಗಟ್ಟಿಯಾಗಿರುತ್ತದಲ್ಲ ಎಂದು ನಾನು ಕೇಳಿದೆ. ತಲೆ ಅಲ್ಲಾಡಿಸಿದರು. “ನಾಲಗೆ ಗಟ್ಟಿಯಾದ್ರೆ ಸರಳು ಸವೆಯುತ್ತೆ. ಸರಳು ನಾನು ಮಾಡಕ್ಕಾಗಲ್ಲ, ನೀವೂ ಮಾಡಕ್ಕಾಗಲ್ಲ. ನಾಲಗೆ ಇನ್ನೊಂದು ಮಾಡಬಹುದು.”

ಎರಡು ದಿನ ಬಿಟ್ಟು ಹೋದಾಗ ಕೆಲಸ ಮುಗಿದಿರಲಿಲ್ಲ, ಹಾಗಾಗಿ ಅದನ್ನು ಕೂತು ನೋಡುವ ಭಾಗ್ಯ ಸಿಕ್ಕಿತು. ಹಿತ್ತಾಳೆಯ ಕಡ್ಡಿಯೊಂದರ ಬುಡವನ್ನು ಹಳೆಯ ನಾಲಗೆಯ ಅಳತೆಗೆ ಗುಂಡಗೆ ಇಳಿಸಿ, ತಲೆಯನ್ನು ಅರ್ಧಚಂದ್ರಕ್ಕೆ ಅರ ಹಾಕಿದ್ದರು. ಮೇಣದಬತ್ತಿಯ ಜ್ವಾಲೆಯ ತುದಿಗೆ ಅದನ್ನು ಹಿಡಿದು ಮಸಿ ಹಿಡಿಸುತ್ತಿದ್ದರು. ಮಸಿ ಹಿಡಿದ ನಾಲಗೆಯನ್ನು ಗಾಡಿಯಲ್ಲಿ ಕೂರಿಸಿ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆಯುವುದು. ಎಲ್ಲಿ ತಾಗಿತೋ ಅಲ್ಲಿ ಮಸಿ ಹೋಗಿ ಹಿತ್ತಾಳೆ ಮಿನುಗುತ್ತದೆ. ಆ ಮಿನುಗನ್ನು ಮಾತ್ರ ಅರದಿಂದ ಎರಡು ಎಳೆತ ತೆಗೆಯುವುದು. ಮತ್ತೆ ಮಸಿ, ಮತ್ತೆ ಸುತ್ತು. ಅವರ ಬೆರಳಿನಲ್ಲಿ ಹಿತ್ತಾಳೆ ಎಳ್ಳಿನ ಸಿಪ್ಪೆಯಷ್ಟೂ ಹೆಚ್ಚಿಗೆ ಹೋಗಲಿಲ್ಲ. ಹನ್ನೊಂದನೆಯದೋ ಹನ್ನೆರಡನೆಯದೋ ಸಲ ಮಸಿ ಅರ್ಧಚಂದ್ರದ ಉದ್ದಕ್ಕೂ ಒಂದೇ ಸಮ ಅಳಿಸಿಬಂತು. ಕಣ್ಣು ಬಲತುದಿಗೆ ಹೋಯಿತು, ಅರೆಕ್ಷಣ ನಿಂತ ಹಾಗೆ ಮಾಡಿ ಹೊರಳಿತು, ಎಡಕ್ಕೆ ಹೊರಟಿತು. ಅಂಗಡಿಯಲ್ಲಿ ಗಡಿಯಾರದ ಬೆಲ್ಟು ಹಾಕಿಸಿಕೊಳ್ಳಲು ಬಂದಿದ್ದ ಹುಡುಗನೊಬ್ಬ ಮೊಬೈಲು ಕೆಳಗಿಟ್ಟು, “ಇನ್ನೊಂದ್ಸಲ ತಿರುಗಿಸಿ” ಅಂದ.

ಇನ್ನು ಡ್ರ್ಯಾಗ್. ಹಿಡಿಯ ಬುಡದಲ್ಲಿ ನಕ್ಷತ್ರದಂತಿರುವ ತಿರುಪಿದೆಯಲ್ಲ, ಅದು ದೊಡ್ಡ ಚಕ್ರದ ಹೊಟ್ಟೆಯಲ್ಲಿ ಒಂದರ ಮೇಲೊಂದು ಕೂತ ಲೋಹದ ಮತ್ತು ನಾರಿನ ವಾಷರುಗಳನ್ನು ಅಮುಕುತ್ತದೆ. ಬೈಕಿನ ಕ್ಲಚ್ ಪ್ಲೇಟಿನದೇ ಲೆಕ್ಕ. ಮೀನು ಒಂದು ಮಿತಿಗಿಂತ ಜೋರಾಗಿ ಎಳೆದರೆ ವಾಷರುಗಳು ಜಾರಿ ದಾರ ಬಿಟ್ಟುಕೊಡಬೇಕು. ಇಲ್ಲದಿದ್ದರೆ ದಾರ ಹರಿಯುತ್ತದೆ. ದೊಡ್ಡಪ್ಪ ಬಿಗಿ ಮಾಡಿಯೇ ಇಟ್ಟುಹೋಗಿದ್ದರಿಂದ ವಾಷರುಗಳು ಅಷ್ಟು ವರ್ಷ ಅಮುಕಿಸಿಕೊಂಡು ಅಂಟಿಹೋಗಿದ್ದವು. ಬಿಡಿಸಿ, ತೊಳೆದು, ಸಮತಟ್ಟಾದ ಗಾಜಿನ ಮೇಲೆ ಸಣ್ಣ ಮರಳುಕಾಗದ ಇಟ್ಟು ಲೋಹದ ವಾಷರುಗಳನ್ನು ಉಜ್ಜಿದೆ. ನಾರಿನವು ಉಳಿಯಲಿಲ್ಲ, ಹೊಸವನ್ನು ಹಾಕಿದೆ. ರೀಲನ್ನು ಎತ್ತಿಡುವಾಗ ನಕ್ಷತ್ರವನ್ನು ಪೂರ್ತಿ ಸಡಿಲ ಬಿಡಬೇಕು. ಎಲ್ಲಕ್ಕಿಂತ ಸುಲಭವಾದ, ಎಲ್ಲರೂ ಮರೆಯುವ ಕೆಲಸ ಇದು.

ಮತ್ತೆ ಕೂಡಿಸಲು ಮೂರು ಸಂಜೆ ಹಿಡಿಯಿತು. ಮೊದಲ ಸಲ ನಾಲಗೆಯ ಅಡಿಯ ತೆಳು ವಾಷರನ್ನು ಟ್ರೇಯಲ್ಲೇ ಬಿಟ್ಟಿದ್ದೆ. ಎರಡನೆಯ ಸಲ ನಾಲಗೆಯ ಮುಚ್ಚಳವನ್ನು ಬಿಗಿಯಾಗಿ ಕಟ್ಟಿಬಿಟ್ಟೆ, ಕಣ್ಣು ಅಲುಗಾಡಲಿಲ್ಲ. ಅದನ್ನು ಪೂರ್ತಿ ಬಿಗಿದು ಕೂದಲೆಳೆಯಷ್ಟು ಹಿಂದಕ್ಕೆ ಬಿಡಬೇಕು, ನಾಲಗೆ ಉಸಿರಾಡುವಷ್ಟು. ಹಲ್ಲುಚಕ್ರಗಳಿಗೆ ಗ್ರೀಸನ್ನು ಬೆರಳಿನಲ್ಲಿ ಸವರಿದ ಹಾಗೆ, ಹಲ್ಲಿನ ಬಣ್ಣ ಕಾಣುವಷ್ಟು ತೆಳುವಾಗಿ. ಸುರುಳಿಯ ಅಚ್ಚಿನ ಎರಡು ತುದಿಗೆ ಒಂದೊಂದು ಹನಿ ಎಣ್ಣೆ, ಹಿಡಿಯ ಗುಬುಟುಗಳಿಗೆ ಒಂದೊಂದು ಹನಿ. ಹಳೆಯ ನೈಲಾನ್ ದಾರವನ್ನು ಎಳೆದು ನೋಡಿದರೆ ಒಣ ಹುಲ್ಲಿನಂತೆ ತುಂಡಾಯಿತು. ಅದನ್ನು ಗದ್ದೆಯಂಚಿಗೆ ಎಸೆಯದೆ ಒಲೆಗೂ ಹಾಕದೆ ಡಬ್ಬಿಯಲ್ಲಿ ಕಟ್ಟಿಟ್ಟಿದ್ದೇನೆ. ಹಕ್ಕಿಯ ಕಾಲಿಗೆ ಸುತ್ತಿಕೊಂಡ ನೈಲಾನನ್ನು ಬಿಡಿಸಿದವರಿಗೆ ಯಾಕೆಂದು ಗೊತ್ತಾಗುತ್ತದೆ.

ಸರಿಯಾದ ರೀಲನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು? ಇದು ಎಲ್ಲರೂ ಕೇಳಿದ ಪ್ರಶ್ನೆ.

ಈ ಸೀಮೆಗೆ ಗಾಳದ ಬರವಣಿಗೆಯ ದೊಡ್ಡ ಇತಿಹಾಸವೇ ಇದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತ ಘಟ್ಟದ ಬುಡದ ಹೊಳೆಗಳಲ್ಲಿ ಮಹಶೀರ್ ಎಂಬ ಮೀನು ಹಿಡಿಯುತ್ತ, ಅದರ ನಡೆ ಗಮನಿಸುತ್ತ, 1873ರಲ್ಲಿ ಮಂಗಳೂರಿನಲ್ಲೇ ಮುದ್ರಿಸಿದ ಪುಸ್ತಕ ಇಂಡಿಯಾದ ಗಾಳಗಾರರಿಗೆಲ್ಲ ಕೈಪಿಡಿಯಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೊ ತೂಗುವ ಮಹಶೀರ್ ಹಿಡಿದರು. ಆಮೇಲೆ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿಯ ಮಡುಗಳಿಗೆ ಜಗತ್ತಿನ ಮೂಲೆಮೂಲೆಯಿಂದ ಜನ ಬಂದು, ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಕೂತರು. ಅವರ ಕೋಲುಗಳಲ್ಲಿ ಬಹಳಷ್ಟು ಇದೇ ಅಬು ಕಂಪನಿಯ, ಇದಕ್ಕಿಂತ ದೊಡ್ಡ ಅಂಬಾಸಡೂರ್‌ಗಳು. ಹಿಡಿದ ಮೀನನ್ನು ತೂಗಿ ಹೊಳೆಗೇ ಬಿಡುವ ಪದ್ಧತಿ ಅಲ್ಲಿ ಬೇರೂರಿತ್ತು. ವನ್ಯಜೀವಿ ಕಾಯ್ದೆಯಡಿ ಅಭಯಾರಣ್ಯದೊಳಗೆ ಅದೂ ಸಲ್ಲದೆಂದು ಕಳೆದ ದಶಕದ ಆರಂಭದಲ್ಲಿ ನಿಂತುಹೋಯಿತು. ಇದರಲ್ಲಿ ಒಂದು ನೋವಿನ ಸಂಗತಿ ಇದೆ. ನೂರೈವತ್ತು ವರ್ಷ ಜನ ಹಿಡಿದು, ಬರೆದು, ಫೋಟೊ ತೆಗೆಸಿಕೊಂಡ ಕಾವೇರಿಯ ಆ ಡುಬ್ಬದ ಮಹಶೀರಿಗೆ ವಿಜ್ಞಾನದ ಖಚಿತ ಹೆಸರು ಸಿಕ್ಕಿದ್ದೇ 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಿದ್ದ ಟಾರ್ ರೆಮಾದೇವಿ ಎಂಬ ಜಾತಿಯೇ ಇದು ಎಂದು ತಿಳಿಯಿತು. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ನಮ್ಮ ಕಡೆ ಮಹಶೀರ್ ಬದುಕಿರುವುದು ಬಹುಪಾಲು ದೇವರ ನೆರಳಿನಲ್ಲಿ. ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ ಮಂಡಕ್ಕಿಗೆ ಬಾಯಿ ತೆರೆಯುವ ಮೀನುಗಳನ್ನು ನೋಡದ ಮಲೆನಾಡಿನ ಮಗು ಇಲ್ಲ. ಮೂಡಿಗೆರೆಯ ಎತ್ತಿನಭುಜ ಬೆಟ್ಟದ ಬೆನ್ನಿಗೆ, ಘಟ್ಟ ಇಳಿದರೆ ಶಿಶಿಲ. ಅಲ್ಲಿ ಕಪಿಲಾ ಹೊಳೆಯ ದೇವರ ಮೀನಿಗೆ 1996ರಲ್ಲಿ ಯಾರೋ ವಿಷ ಹಾಕಿದರು. ರಾಶಿ ರಾಶಿ ಸತ್ತವು. ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದ್ದಾರೆ. ಗಾಳ ಹಾಕುವವನು ಒಂದು ಮೀನಿಗೆ ಒಂದು ದಿನ ಕೂರುತ್ತಾನೆ. ತೋಟೆ ಹೊಡೆಯುವವನು, ಮೈಲುತುತ್ತ ಸುರಿಯುವವನು ಮಡುವಿನ ಮರಿ ಮೊಟ್ಟೆ ಸಮೇತ ಒಂದೇ ಗಳಿಗೆಯಲ್ಲಿ ಮುಗಿಸುತ್ತಾನೆ. ಈ ಎರಡು ಜಾತಿಯವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಮಾತಾಡುವುದನ್ನು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಈ ರೀಲು ಬಿಚ್ಚಿ ಕೂತಿದ್ದಾಗೆಲ್ಲ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ನೆನಪಾಗುತ್ತಿದ್ದರು. ಗಾಳ ಹಿಡಿದು ಗಂಟೆಗಟ್ಟಲೆ ಹೊಳೆದಂಡೆಯಲ್ಲಿ ಕೂರುವುದು, ಮನೆಗೆ ಬಂದು ಸ್ಕೂಟರನ್ನು ತಾವೇ ಬಿಚ್ಚಿ ನೆಲದ ತುಂಬ ಹರಡಿಕೊಳ್ಳುವುದು, ಎರಡನ್ನೂ ಅವರು ಒಂದೇ ಉತ್ಸಾಹದಲ್ಲಿ ಮಾಡುತ್ತಿದ್ದವರು. 2007ರ ಏಪ್ರಿಲಿನಲ್ಲಿ ಅವರು ಹೋದ ಮೇಲೆ ಈ ಗುಡ್ಡಗಳಲ್ಲಿ ಎಷ್ಟೋ ಹುಡುಗರು ಕ್ಯಾಮೆರಾ ಹಿಡಿದರು. ಸ್ಕ್ರೂಡ್ರೈವರ್ ಹಿಡಿದವರು ಅಷ್ಟು ಕಾಣುವುದಿಲ್ಲ.

ಮಲ್ಲಂದೂರಿನಿಂದ ಮುಂದೆ ರಸ್ತೆ ಮುತ್ತೋಡಿಗೆ ಹೋಗುತ್ತದೆ. ಅಲ್ಲಿ ಸೋಮವಾಹಿನಿ ಹರಿಯುವುದು ಭದ್ರಾ ಅಭಯಾರಣ್ಯದೊಳಗೆ. ಆ ನೀರಿಗೆ ಗಾಳ ಹಾಕುವ ಮಾತೇ ಇಲ್ಲ, ಹಾಕಬಾರದು ಕೂಡ. ಹುಲಿಯ ಕಾಡಿನಲ್ಲಿ ಮೀನೂ ನಿಶ್ಚಿಂತೆಯಿಂದ ಇರಲಿ. ನಾನು ರೀಲನ್ನು ಮೊದಲು ಪರೀಕ್ಷೆ ಮಾಡಿದ್ದು ಕಾಫಿ ಒಣಗಿಸುವ ಕಣದಲ್ಲಿ. ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಕೋಲಿಗೆ ರೀಲು ಕೂರಿಸಿ, ಹೊಸ ದಾರದ ತುದಿಗೆ ಗಾಳದ ಬದಲು ರಬ್ಬರಿನ ತುಂಡು ಕಟ್ಟಿ ಬೀಸಿದೆ. ಮೊದಲ ಬೀಸಿಗೆ ಸುರುಳಿ ದಾರಕ್ಕಿಂತ ಜೋರಾಗಿ ಓಡಿ ಹಕ್ಕಿಗೂಡಿನಂಥ ಗಂಟು. ಸುರುಳಿಯ ಮೇಲೆ ಹೆಬ್ಬೆರಳನ್ನು ಹಗುರವಾಗಿ ಇಟ್ಟಿರಬೇಕು, ಒತ್ತಬಾರದು, ಬಿಡಲೂಬಾರದು. ದೊಡ್ಡಪ್ಪನ ಬಲ ಹೆಬ್ಬೆರಳಿನಲ್ಲಿ ಒಂದು ನುಣ್ಣನೆ ಜಡ್ಡು ಇತ್ತು. ಅದು ಕತ್ತಿ ಹಿಡಿದು ಆದದ್ದೆಂದು ನಾನು ತಿಳಿದಿದ್ದೆ.

ಮಧ್ಯಾಹ್ನದ ಹೊತ್ತಿಗೆ ರಬ್ಬರು ಕಣದ ಆಚೆ ತುದಿಯ ಸಿಲ್ವರ್ ಓಕಿನ ಬುಡಕ್ಕೆ ಬೀಳತೊಡಗಿತು. ಸುತ್ತಿಕೊಳ್ಳುವಾಗ ದಾರದ ಕಣ್ಣು ಬಲಕ್ಕೆ ಹೋಗಿ ಹೊರಳಿ ಎಡಕ್ಕೆ ಬರುತ್ತಿತ್ತು. ಸುರುಳಿಯ ಮೇಲೆ ದಾರ ಗದ್ದೆಯ ನಾಟಿಯ ಸಾಲಿನಂತೆ ಹತ್ತಿರ ಹತ್ತಿರ ಮಲಗುತ್ತಿತ್ತು. ದೊಡ್ಡಮ್ಮ ಜಗುಲಿಯಿಂದ, “ಶಬ್ದ ಹಿಂಗೇ ಇತ್ತು ನೋಡು” ಅಂದರು. ಅವರು ಮಡುವಿನ ಹತ್ತಿರ ಎಂದೂ ಹೋದವರಲ್ಲ. ಆದರೆ ಹೊಳೆಗೆ ಹೊರಡುವ ಹಿಂದಿನ ರಾತ್ರಿ ದೊಡ್ಡಪ್ಪ ಅಂಗಳದಲ್ಲಿ ನಿಂತು ರೀಲು ತಿರುಗಿಸಿ ನೋಡುತ್ತಿದ್ದರಂತೆ. ಅಡುಗೆಮನೆಗೆ ಅದು ಕೇಳಿಸುತ್ತಿತ್ತಂತೆ.

ಈಗ ರೀಲು ನಮ್ಮ ತೋಟದ ಕೆರೆಗೆ ಹೋಗುತ್ತದೆ. ಅದರಲ್ಲಿ ನಾವೇ ಬಿಟ್ಟ ಕಾಟ್ಲ, ರೋಹು ಇವೆ. ವಾಪಸು ಬಂದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸರಳಿಗೆ ಒಂದು ಹನಿ ಬಿಟ್ಟು, ನಕ್ಷತ್ರ ಸಡಿಲಿಸಿ ಡಬ್ಬಿಗೆ ಹಾಕುತ್ತೇನೆ. ಅಟ್ಟಕ್ಕೆ ಹಾಕುವುದಿಲ್ಲ, ಕೈಗೆ ಸಿಗುವ ಕಪಾಟಿನಲ್ಲಿದೆ. ಡಬ್ಬಿಯ ಮೂಲೆಯಲ್ಲಿ ಒಂದು ಬೆಂಕಿಪೊಟ್ಟಣವಿದೆ. ಅವತ್ತು ನಾನು ಅಂಗಡಿಯಿಂದ ಹೊರಡುವಾಗ ಸಾಹೇಬರು ಕರೆದು ಕೊಟ್ಟದ್ದು. ಒಳಗೆ ಹತ್ತಿಯ ಮೇಲೆ ಇನ್ನೊಂದು ಹಿತ್ತಾಳೆಯ ನಾಲಗೆ, ಇನ್ನೂ ಅರ ಹಾಕಿ ಮುಗಿಸದೆ ತುಸು ದಪ್ಪವಾಗಿಯೇ ಬಿಟ್ಟದ್ದು. ಜೊತೆಗೆ ಒಂದು ಸಣ್ಣ ಮೇಣದಬತ್ತಿಯ ತುಂಡು.